ಕಾಸರಗೋಡಿನಿಂದ ಎಮಿರೇಟ್ಸ್ ಮರುಭೂಮಿಗೆ: ಯಾವ ತಿಂಗಳಲ್ಲಿ, ಎಲ್ಲಿಗೆ, ಹೇಗೆ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗಲ್ಫಿನಲ್ಲಿ ನಂಟರಿಲ್ಲದ ಮನೆ ಕಡಿಮೆ. ಮಗನನ್ನೋ ತಂಗಿಯನ್ನೋ ನೋಡಲು ದುಬಾಯಿಗೆ, ಶಾರ್ಜಾಕ್ಕೆ ಹೋದವರು ಬುರ್ಜ್ ಖಲೀಫಾ, ಮಾಲ್, ಚಿನ್ನದ ಪೇಟೆ ಎಲ್ಲ ಸುತ್ತುತ್ತಾರೆ. ಮರುಭೂಮಿಗೆ ಮಾತ್ರ ಒಂದೇ ಸಂಜೆ: ಮೂರು ಗಂಟೆಗೆ ಗಾಡಿ ಬರುತ್ತದೆ, ದಿಬ್ಬದ ಮೇಲೆ ಕುಲುಕುತ್ತದೆ, ಒಂಟೆಯ ಮೇಲೊಂದು ಫೋಟೊ, ಊಟ, ರಾತ್ರಿ ಹತ್ತಕ್ಕೆ ಮನೆ. ಮರುಭೂಮಿ ಚೆನ್ನಾಗಿರುವುದು ಬೆಳಗಿನ ಮೊದಲ ಎರಡು ತಾಸು ಮತ್ತು ರಾತ್ರಿ ಊಟದ ಬಳಿಕ. ಈ ಎರಡೂ ಸಂಜೆಯ ಸಫಾರಿಯಲ್ಲಿ ಸಿಗುವುದಿಲ್ಲ. ಕನಿಷ್ಠ ಒಂದು ರಾತ್ರಿ, ಸಾಧ್ಯವಿದ್ದರೆ ಎರಡು ರಾತ್ರಿ ಅಲ್ಲೇ ಉಳಿಯಬೇಕು.

ಅಲ್ಲಿಗೆ ಹೋಗಲು ಚಳಿಗಾಲವೇ ಆಗಬೇಕೆಂಬ ನಂಬಿಕೆ ಪೂರ್ತಿ ನಿಜವಲ್ಲ. ಹನ್ನೆರಡು ತಿಂಗಳೂ ಹೋಗಬಹುದು. ಆದರೆ ಜನವರಿಯ ಯೋಜನೆ ಜೂನಿಗೆ ಹೊಂದುವುದಿಲ್ಲ. ಹೆಚ್ಚಿನವರು ಮೊದಲು ಅಗ್ಗದ ಟಿಕೆಟ್ ಹುಡುಕುತ್ತಾರೆ, ಆಮೇಲೆ ಕೋಣೆ, ಕೊನೆಗೆ ಹವೆ ನೋಡುತ್ತಾರೆ. ಇದನ್ನು ತಿರುಗಿಸಿ. ಮೊದಲು ತಿಂಗಳು ಗೊತ್ತುಮಾಡಿ. ಆ ತಿಂಗಳಿಗೆ ಒಗ್ಗುವ ಜಾಗ ಆಮೇಲೆ, ಆ ಜಾಗದಲ್ಲಿ ಹೊರಗಿರಬಹುದಾದ ಗಂಟೆಗಳು ಅದರ ನಂತರ. ಟಿಕೆಟ್ ಮತ್ತು ಕೋಣೆ ಕೊನೆಗೆ.

ನಮ್ಮ ಶಾಲಾ ರಜೆ, ಅಲ್ಲಿನ ಹವೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೂ ಕೇರಳದ ವೇಳಾಪಟ್ಟಿಯೇ. ಏಪ್ರಿಲ್–ಮೇ ದೊಡ್ಡ ರಜೆ, ಓಣಂಗೆ ಹತ್ತು ದಿನದ ಆಸುಪಾಸು, ಕ್ರಿಸ್‌ಮಸ್‌ಗೆ ಅಷ್ಟೇ. ಮಕ್ಕಳಿರುವ ಮನೆಗೆ ಈ ಮೂರೇ ಆಯ್ಕೆ.

ಮೂರರಲ್ಲಿ ಓಣಂ ರಜೆಯನ್ನು ಬಿಟ್ಟುಬಿಡಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭದಲ್ಲಿ ಅಲ್ಲಿನ ಸಮುದ್ರದ ನೀರೇ 33 ಡಿಗ್ರಿ ಆಸುಪಾಸಿಗೆ ಬಿಸಿಯಾಗಿರುತ್ತದೆ. ದುಬಾಯಿ, ಶಾರ್ಜಾದಂಥ ಕಡಲ ತಡಿಯ ಊರುಗಳಲ್ಲಿ ಆಗ ಹಿಡಿಯುವ ಸೆಖೆಯ ಮುಂದೆ ನಮ್ಮ ಮೇ ತಿಂಗಳ ಸೆಖೆ ಏನೂ ಅಲ್ಲ. ರಾತ್ರಿ ಹನ್ನೊಂದಕ್ಕೂ ಕನ್ನಡಕದ ಗಾಜಿಗೆ ನೀರು ಕಟ್ಟುತ್ತದೆ. ಸಾಲದ್ದಕ್ಕೆ ಊರಿಗೆ ಬಂದ ಗಲ್ಫ್ ಕುಟುಂಬಗಳು ಶಾಲೆ ತೆರೆಯುವ ಮೊದಲು ವಾಪಸಾಗುವ ಹೊತ್ತೂ ಅದೇ ಆದ್ದರಿಂದ ಮಂಗಳೂರು, ಕಣ್ಣೂರಿನಿಂದ ಹೋಗುವ ಟಿಕೆಟ್ ವರ್ಷದಲ್ಲೇ ದುಬಾರಿ.

ಕ್ರಿಸ್‌ಮಸ್ ರಜೆಯಲ್ಲಿ ಹವೆ ಹೇಳಿಮಾಡಿಸಿದಂತಿರುತ್ತದೆ: ಹಗಲು 24–26 ಡಿಗ್ರಿ, ರಾತ್ರಿ ಊರೊಳಗೆ 15ರ ಆಸುಪಾಸು, ಒಳನಾಡಿನ ಮರಳಿನಲ್ಲಿ 10ಕ್ಕೂ ಕೆಳಗೆ. ಖರ್ಚೂ ಅಷ್ಟೇ ಏರುತ್ತದೆ. ಡಿಸೆಂಬರ್ 27ರಿಂದ ಜನವರಿ 1ರವರೆಗೆ ರಿಸಾರ್ಟ್‌ಗಳು ಅತಿ ಹೆಚ್ಚು ದರ ಕೇಳುತ್ತವೆ, ಕೆಲವು ಕಡೆ ಡಿಸೆಂಬರ್ 31ರ ರಾತ್ರಿಯ ಊಟವನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸುತ್ತವೆ. ಮರುಭೂಮಿಯ ರಾತ್ರಿಗಳನ್ನು 26ರೊಳಗೆ ಮುಗಿಸಿ ಹೊಸ ವರ್ಷದ ದಿನಗಳನ್ನು ನಂಟರ ಮನೆಯಲ್ಲಿ ಕಳೆದರೆ ಅದೇ ಕೋಣೆಗೆ ಕೊಡುವ ಹಣ ಗಣನೀಯವಾಗಿ ಇಳಿಯುತ್ತದೆ.

ಉಳಿದದ್ದು ಏಪ್ರಿಲ್. ಮಕ್ಕಳಿರುವ ಮನೆಗೆ ಹಣಕ್ಕೂ ಹವೆಗೂ ಸರಿದೂಗುವುದು ಇದೇ, ಅದೂ ಮೊದಲ ಎರಡು ವಾರ. ಹಗಲು 33–35 ಡಿಗ್ರಿ, ರಾತ್ರಿ ತಂಪು, ಗಾಳಿ ಒಣ. ಮೇ ನಡುವಿಗೆ ಬಂದರೆ 40. ಪರೀಕ್ಷೆ ಮುಗಿದ ವಾರವೇ ಹೊರಡಿ, ಊರಿನ ಮದುವೆಗಳೆಲ್ಲ ಮುಗಿಯಲಿ ಎಂದು ಮೇ 15ರವರೆಗೆ ಕಾಯಬೇಡಿ.

ಮಕ್ಕಳ ಶಾಲೆಯ ಹಂಗಿಲ್ಲದವರಿಗೆ, ಅಂದರೆ ನಿವೃತ್ತರಿಗೆ, ಅಡಿಕೆ ತೋಟದ ಕೆಲಸದ ನಡುವೆ ಹತ್ತು ದಿನ ಬಿಡುವು ಮಾಡಿಕೊಳ್ಳಬಲ್ಲವರಿಗೆ, ಅಕ್ಟೋಬರ್ 20ರಿಂದ ಡಿಸೆಂಬರ್ 10ರ ನಡುವಿನ ಅವಧಿಗಿಂತ ಒಳ್ಳೆಯದಿಲ್ಲ. ವಿಮಾನದ ಎರಡೂ ದಿಕ್ಕಿನಲ್ಲಿ ನೂಕುನುಗ್ಗಲಿಲ್ಲ, ಸೆಖೆ ಇಳಿದಿರುತ್ತದೆ, ಕೋಣೆಯ ದರ ಇನ್ನೂ ತುದಿ ಮುಟ್ಟಿರುವುದಿಲ್ಲ. ಬಲೂನ್ ಹಾರಾಟ, ಗ್ಲೋಬಲ್ ವಿಲೇಜ್ ಮೇಳ, ಮಿರಾಕಲ್ ಗಾರ್ಡನ್ ಹೂದೋಟ ಎಲ್ಲ ಶುರುವಾಗುವುದೂ ಶರತ್ಕಾಲದ ಈ ಹೊತ್ತಿಗೇ. ಬೇಸಿಗೆಯಲ್ಲಿ ಇವೆಲ್ಲ ಮುಚ್ಚಿರುತ್ತವೆ. ದುಬಾಯಿ ಸಫಾರಿ ಪಾರ್ಕ್ ಕೂಡ ಹಾಗೆಯೇ. ಜುಲೈಯಲ್ಲಿ ಹೋಗಿ ಬಾಗಿಲು ನೋಡಿ ಬರುವವರು ಪ್ರತಿ ವರ್ಷ ಇದ್ದಾರೆ.

ಇದರ ಮೇಲೆ ಹಿಜರಿ ಪಂಚಾಂಗವನ್ನೂ ಇಟ್ಟು ನೋಡಬೇಕು. ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿ ಎರಡನೇ ವಾರದ ಆಸುಪಾಸಿನಲ್ಲಿ ಶುರು, ಚಂದ್ರದರ್ಶನದ ಮೇಲೆ ಒಂದು ದಿನ ಆಚೀಚೆ. ಉಪವಾಸದ ತಿಂಗಳಲ್ಲಿ ರಿಸಾರ್ಟ್‌ಗಳು ತೆರೆದೇ ಇರುತ್ತವೆ, ದರವೂ ಇಳಿಯುತ್ತದೆ. ಹಗಲಿನ ಕಾರ್ಯಕ್ರಮ ಕಡಿಮೆ, ಕೆಲವು ಶಿಬಿರಗಳಲ್ಲಿ ಸಂಗೀತ ಇರುವುದಿಲ್ಲ. ನೆಮ್ಮದಿ ಬೇಕಾದವರಿಗೆ ಇದು ಒಳ್ಳೆಯ ಕಾಲ. ಹಬ್ಬದ ಮೂರು–ನಾಲ್ಕು ದಿನ ಮಾತ್ರ ಅಲ್ಲಿನವರೇ ಮರುಭೂಮಿಗೆ ಹೊರಡುತ್ತಾರೆ. ಆ ದಿನಗಳಿಗೆ ತಿಂಗಳುಗಟ್ಟಲೆ ಮೊದಲೇ ಕಾದಿರಿಸದಿದ್ದರೆ ಜಾಗವಿಲ್ಲ.

ಬೇಸಿಗೆಯಲ್ಲೇ ಹೋಗಬೇಕಾದರೆ

ಮಗನಿಗೆ ಆಗಲೇ ಬಿಡುವು, ಅಥವಾ ಮೊಮ್ಮಗುವಿನ ಬಾಣಂತನ, ಹೀಗೆ ಜೂನ್–ಜುಲೈಯಲ್ಲಿ ಹೋಗಲೇಬೇಕಾಗುವ ಮನೆಗಳಿವೆ. ಒಳ್ಳೆಯ ರಿಸಾರ್ಟ್‌ಗಳು ಆಗ ಚಳಿಗಾಲದ ಅರ್ಧ ದರಕ್ಕೂ ಸಿಗುತ್ತವೆ. ಜೂನ್ ತಿಂಗಳು ಆಗಸ್ಟ್‌ಗಿಂತ ವಾಸಿ. ಬಿಸಿಲು ಹೆಚ್ಚಿದ್ದರೂ ಗಾಳಿ ಒಣ. ಒಳನಾಡಿಗೆ ಹೋದಷ್ಟೂ ಸೆಖೆ ಕಡಿಮೆ, ಆದ್ದರಿಂದ ಕಡಲ ತಡಿಗಿಂತ ಅಲ್ ಐನ್ ಒಳ್ಳೆಯದು. ಜೂನ್–ಜುಲೈಯಲ್ಲಿ ವಾಯವ್ಯದಿಂದ ಬೀಸುವ ‘ಶಮಾಲ್’ ಗಾಳಿ ದೂಳು ಎಬ್ಬಿಸುತ್ತದೆ. ಉಬ್ಬಸ ಇರುವವರು ಆ ಎರಡು ತಿಂಗಳು ಮರಳಿನ ಕಡೆ ಹೋಗದಿರುವುದೇ ಮೇಲು.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೂಲಿ ಕೆಲಸ ಮಾಡಿಸಬಾರದೆಂದು ಅಲ್ಲಿನ ಸರಕಾರದ ಕಾನೂನೇ ಇದೆ. ದುಡಿದು ಒಗ್ಗಿದ ಮೈಗೇ ಈ ಮಿತಿ ಇರುವಾಗ ರಜೆಗೆ ಬಂದವರ ಮಿತಿ ಇನ್ನೂ ದೊಡ್ಡದಾಗಿರಬೇಕು: ಬೆಳಿಗ್ಗೆ 8ರಿಂದ ಸಂಜೆ 5.30ರವರೆಗೆ ಒಳಗೆ.

ಜೂನಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 5.30ರ ಹೊತ್ತಿಗೆ, ಮುಳುಗುವುದು ಸಂಜೆ 7.10ರ ಸುಮಾರಿಗೆ. 4.45ಕ್ಕೆ ಎದ್ದು 5.15ಕ್ಕೆ ದಿಬ್ಬದ ಬುಡದಲ್ಲಿರಿ. 7ಕ್ಕೆ ವಾಪಸ್, ತಿಂಡಿ. ಮಧ್ಯಾಹ್ನ ನಿದ್ದೆ. ಸಂಜೆ 6ಕ್ಕೆ ಈಜುಕೊಳ. ಅದರ ನೀರನ್ನು ಯಂತ್ರದಿಂದ ತಂಪು ಮಾಡುತ್ತಾರೆಯೇ ಎಂದು ಕಾದಿರಿಸುವ ಮೊದಲೇ ಕೇಳಿ. ಮಾಡದಿದ್ದರೆ ಬಿಸಿನೀರಿನ ಹಂಡೆಗೆ ಇಳಿದ ಹಾಗೆಯೇ. ಊಟದ ನಂತರ 9ರಿಂದ ನಕ್ಷತ್ರ. ಚಳಿಗಾಲದಲ್ಲಿ ಇದೇ ದಿನಚರಿ ತಿರುಗಿ ಬೀಳುತ್ತದೆ: ಸೂರ್ಯೋದಯವೇ 7ಕ್ಕೆ, ಬೆಳಿಗ್ಗೆ 8ರಿಂದ 11, ಮಧ್ಯಾಹ್ನ 3ರಿಂದ 5.45ರವರೆಗೆ ಹೊರಗಿರಬಹುದು. ಕತ್ತಲಾದ ಒಂದು ಗಂಟೆಯೊಳಗೆ ಸ್ವೆಟರ್ ಬೇಕು.

ಆಗಸ್ಟ್ 24ರ ಸುಮಾರಿಗೆ ನಸುಕಿನಲ್ಲಿ ಆಗ್ನೇಯ ದಿಗಂತದಲ್ಲಿ ಒಂದು ಪ್ರಖರ ನಕ್ಷತ್ರ ಮೂಡುತ್ತದೆ. ಅರಬರು ಅದನ್ನು ‘ಸುಹೈಲ್’ ಎನ್ನುತ್ತಾರೆ. ಅದು ಕಂಡರೆ ಬಿಸಿಲಿನ ಬೆನ್ನು ಮುರಿಯಿತೆಂದು ಲೆಕ್ಕ. ಅದೇ ನಕ್ಷತ್ರ ನಮ್ಮ ಪಂಚಾಂಗದ ಅಗಸ್ತ್ಯ. ಅಗಸ್ತ್ಯೋದಯವಾದರೆ ಕದಡಿದ ನೀರು ತಿಳಿಯಾಗುತ್ತದೆ ಎಂಬ ಮಾತು ನಮ್ಮಲ್ಲೂ ಇದೆ. ಆದರೆ ಆ ದಿನವೇ ತಂಪಾಗುವುದಿಲ್ಲ, ಸೆಖೆ ಕರಗಲು ಮುಂದೆ ನಾಲ್ಕೈದು ವಾರ ಬೇಕು.

ಎಲ್ಲಿ ಉಳಿಯಬೇಕು

ಒಂದೇ ರಾತ್ರಿ ಇದ್ದರೆ ದುಬಾಯಿಯ ಹೊರವಲಯ ಸಾಕು. ಅಲ್ ಕುದ್ರಾ, ಅಲ್ ಮರ್ಮೂಮ್ ಕಡೆಯ ರಿಸಾರ್ಟ್‌ಗಳು ನಗರದಿಂದ ಮುಕ್ಕಾಲು ಗಂಟೆ. ಅಲ್ ಐನ್ ರಸ್ತೆಯ ಕಡೆ 225 ಚದರ ಕಿಲೋಮೀಟರಿನ ಸಂರಕ್ಷಿತ ಮರುಭೂಮಿ ಇದೆ. ಬಿಳಿ ಓರಿಕ್ಸ್ ಜಿಂಕೆಗಳು ಅಲ್ಲಿ ಬಿಡುಬೀಸಾಗಿ ತಿರುಗುತ್ತವೆ. ಅದರೊಳಗೆ ಹೋಗಲು ಪರವಾನಗಿ ಇರುವ ಕೆಲವೇ ಕಂಪೆನಿಗಳ ಗಾಡಿ ಬೇಕು, ಸ್ವಂತ ಕಾರು ನಡೆಯುವುದಿಲ್ಲ. ದುಬಾರಿ ರಿಸಾರ್ಟ್‌ಗಳಲ್ಲಿ ಕೆಲವು ಸಣ್ಣ ಮಕ್ಕಳನ್ನು ಸೇರಿಸುವುದೇ ಇಲ್ಲ. ವಯಸ್ಸಿನ ನಿಯಮ ಓದದೆ ಹಣ ಕಟ್ಟಬೇಡಿ.

ಶಾರ್ಜಾದಲ್ಲಿ ನಂಟರಿದ್ದರೆ ಮ್ಲೇಹಾ ಹತ್ತಿರ. ಕೆಂಪು ಮರಳು, ಪಕ್ಕದಲ್ಲೇ ಫಾಯಾ ಬೆಟ್ಟಸಾಲು, ಹಳೆಯ ಸಮಾಧಿಗಳು, ಒಂದು ಸಣ್ಣ ಮ್ಯೂಸಿಯಂ. ಫಾಯಾ ಪ್ರದೇಶವನ್ನು ಯುನೆಸ್ಕೋ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮಕ್ಕಳಿಗೆ ಮರಳಿನ ಜತೆ ಬೇರೇನಾದರೂ ನೋಡಲು ಬೇಕಾಗುತ್ತದೆ, ಆದ್ದರಿಂದ ಕುಟುಂಬಕ್ಕೆ ಈ ಜಾಗ ಹಿಡಿಸುತ್ತದೆ.

ಎರಡು ರಾತ್ರಿ ಮತ್ತು ಒಳ್ಳೆಯ ಹಣ ಇದ್ದರೆ ಲಿವಾ. ಅಬುಧಾಬಿಯಿಂದ ಎರಡೂವರೆ–ಮೂರು ಗಂಟೆಯ ದಾರಿ, ರುಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿಯ ಬಾಗಿಲು. ದುಬಾಯಿ ಹತ್ತಿರದ ದಿಬ್ಬಗಳನ್ನು ಕಂಡವರಿಗೂ ಇಲ್ಲಿನ ಮರಳು ಗುಡ್ಡದ ಗಾತ್ರ ಬೆರಗು ಹುಟ್ಟಿಸುತ್ತದೆ. ತಲ್ ಮೊರೀಬ್ ದಿಬ್ಬ ಸುಮಾರು 300 ಮೀಟರ್ ಎತ್ತರ. ಒಂದು ರಾತ್ರಿಗೆಂದು ಲಿವಾಕ್ಕೆ ಹೋದರೆ ಅರ್ಧ ಸಮಯ ಕಾರಿನಲ್ಲೇ ಹೋಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆ ರಸ್ತೆಯಲ್ಲಿ ನಸುಕಿನಿಂದ ಬೆಳಿಗ್ಗೆ ಒಂಬತ್ತರವರೆಗೆ ದಟ್ಟ ಮಂಜು ಬೀಳುವುದುಂಟು. ಬೆಳಗಿನ ವಿಮಾನ ಹಿಡಿಯುವ ದಿನ ಲಿವಾದಿಂದ ಹೊರಡುವಂತೆ ಯೋಜನೆ ಹಾಕಲೇಬೇಡಿ.

ಬೆಟ್ಟ ಬೇಕಾದರೆ ರಾಸ್ ಅಲ್ ಖೈಮಾದ ಜೆಬೆಲ್ ಜೈಸ್: 1,934 ಮೀಟರ್ ಎತ್ತರದ ಬೆಟ್ಟ, ಮೇಲೆ ತಡಿಗಿಂತ ಹತ್ತು ಡಿಗ್ರಿಯಷ್ಟು ತಂಪು.

ಇವೆಲ್ಲದರಲ್ಲಿ ಕಾಸರಗೋಡಿನವರು ತಪ್ಪಿಸಿಕೊಳ್ಳಬಾರದ್ದು ಅಲ್ ಐನ್. ದುಬಾಯಿಯಿಂದ ಒಂದೂವರೆ ಗಂಟೆ. ಊರ ನಡುವೆ 1,200 ಹೆಕ್ಟೇರ್ ಖರ್ಜೂರದ ತೋಟ, ಪ್ರವೇಶ ಉಚಿತ, ನೆರಳಿನ ಕಾಲುದಾರಿ. ತೋಟಕ್ಕೆ ನೀರು ಬರುವುದು ‘ಫಲಜ್’ನಿಂದ. ಬೆಟ್ಟದ ಬುಡದಲ್ಲಿ ನೀರಿನ ಒರತೆ ಹುಡುಕಿ, ಅಲ್ಲಿಂದ ನೆಲದಡಿಯಲ್ಲೇ ಸುರಂಗ ಕೊರೆದು, ಸ್ವಲ್ಪವೇ ಇಳಿಜಾರು ಕೊಟ್ಟು, ಪಂಪಿಲ್ಲದೆ ಕಿಲೋಮೀಟರುಗಟ್ಟಲೆ ದೂರದ ತೋಟಕ್ಕೆ ಹರಿಸುವ ಕ್ರಮ. ಬಾಯಾರು, ಪೈವಳಿಕೆ ಕಡೆಯ ಮನೆಗಳ ಹಿಂದಿನ ಸುರಂಗ ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮದು ಮುರಕಲ್ಲಿನ ಗುಡ್ಡಕ್ಕೆ ಒಂದಾಳು ನಿಲ್ಲುವಷ್ಟು ಕೊರೆದದ್ದು, ಒಂದು ಮನೆಗೋ ತೋಟಕ್ಕೋ ಸಾಕಾಗುವಂಥದ್ದು. ಅವರದು ಊರಿಗೇ ಸೇರಿದ್ದು, ದಾರಿಯುದ್ದಕ್ಕೂ ಮೇಲಿನಿಂದ ಗಾಳಿಬಾವಿಗಳು. ಯಾವ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬ ಸರದಿ ಅದರ ಆಡಳಿತದ ಜೀವಾಳ. ಅಲ್ ಐನಿನ ಓಯಸಿಸ್‌ಗಳು ಮತ್ತು ಪುರಾತನ ತಾಣಗಳು 2011ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಓಯಸಿಸ್‌ಗೆ ಬೆಳಿಗ್ಗೆ ಎರಡು ಗಂಟೆ, ಜೆಬೆಲ್ ಹಫೀತ್ ಬೆಟ್ಟಕ್ಕೆ ಸಂಜೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮೊಮ್ಮಕ್ಕಳಿಗೆ ಫಲಜ್ ತೋರಿಸುವ ಕೆಲಸ ಅಜ್ಜಂದಿರದ್ದೇ ಆಗಲಿ.

ವಿಮಾನ: ಜನ ಹೋಗುವ ದಿಕ್ಕಿಗೆ ಎದುರಾಗಿ ಹೋಗಿ

ಟಿಕೆಟ್ ದರ ಏರುವುದು ಇಳಿಯುವುದು ಗಲ್ಫ್ ಕುಟುಂಬಗಳ ಓಡಾಟದ ಪ್ರಕಾರ. ಅಲ್ಲಿನ ಶಾಲೆಗಳಿಗೆ ಜುಲೈ–ಆಗಸ್ಟ್ ರಜೆ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಅಲ್ಲಿಂದ ಇಲ್ಲಿಗೆ ಬರುವ ವಿಮಾನ ತುಂಬಿರುತ್ತದೆ, ಇಲ್ಲಿಂದ ಹೋಗುವಾಗ ಸೀಟು ಖಾಲಿ. ಆಗಸ್ಟ್ ನಡುವಿನಿಂದ ಇದು ಉಲ್ಟಾ. ಏಪ್ರಿಲ್‌ನಲ್ಲಿ ಊರಲ್ಲಿರುವ ಹೆಂಡತಿ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಮೇ ಕೊನೆಗೆ ಶಾಲೆಗೆಂದು ಬರುತ್ತಾರೆ. ಹಾಗಾಗಿ ಏಪ್ರಿಲ್ ಮೊದಲ ವಾರದಲ್ಲಿ ಹೋಗುವ ಟಿಕೆಟನ್ನು ಜನವರಿಯಲ್ಲೇ ತೆಗೆಯಿರಿ. ಬರುವುದನ್ನು ಏಪ್ರಿಲ್ 20ರೊಳಗೆ ಇಟ್ಟುಕೊಂಡರೆ ಮೇ ಕೊನೆಯ ನೂಕುನುಗ್ಗಲು ತಾಗುವುದಿಲ್ಲ. ಹೋಗಿಬರುವ ಟಿಕೆಟನ್ನು ಒಟ್ಟಿಗೂ ಬಿಡಿಬಿಡಿಯಾಗಿಯೂ ಲೆಕ್ಕ ಹಾಕಿ ನೋಡಿ. ಮಂಗಳೂರಿನಿಂದ ಹೋಗಿ ಕಣ್ಣೂರಿಗೆ ಇಳಿಯುವುದು ಒಮ್ಮೊಮ್ಮೆ ಅಗ್ಗ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡಿನವರಿಗೆ ಮಂಗಳೂರೇ ಹತ್ತಿರ. ಕಾಞಂಗಾಡಿನಿಂದ ಕೆಳಗಿನವರಿಗೆ 2018ರ ಡಿಸೆಂಬರಿನಲ್ಲಿ ಶುರುವಾದ ಮಟ್ಟನ್ನೂರಿನ ಕಣ್ಣೂರು ನಿಲ್ದಾಣವೂ ಅಷ್ಟೇ ದೂರ. ಹಾರಾಟ ನಾಲ್ಕು ಗಂಟೆಯೊಳಗೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನ ರನ್‌ವೇ ಗುಡ್ಡದ ತಲೆಯ ಮೇಲಿನದು. ಮಳೆಗಾಲದಲ್ಲಿ ಮೋಡ ಮುಸುಕಿದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ, ತಡವಾಗುತ್ತದೆ. ಜೂನ್–ಆಗಸ್ಟ್‌ನಲ್ಲಿ ಹೋಗುವವರು ತಲುಪಿದ ದಿನವೇ ರಿಸಾರ್ಟ್ ಕಾದಿರಿಸಬಾರದು. ಮೊದಲ ರಾತ್ರಿ ನಂಟರ ಮನೆ, ಮೂರನೆಯ ದಿನ ಮರುಭೂಮಿ.

ಪಾಸ್‌ಪೋರ್ಟ್, ವೀಸಾ

ಭೇಟಿ ವೀಸಾ 30 ದಿನದ್ದು, 60 ದಿನದ್ದು ಎರಡೂ ಇವೆ. ವಿಮಾನ ಕಂಪೆನಿ, ಟ್ರಾವೆಲ್ ಏಜೆನ್ಸಿ, ಹೋಟೆಲ್ ಅಥವಾ ಅಲ್ಲಿರುವ ನಂಟರ ಮೂಲಕ ಅರ್ಜಿ ಹಾಕಬಹುದು. ನಂಟರು ಕರೆಸಿಕೊಳ್ಳುವುದಾದರೆ ಅವರ ಸಂಬಳಕ್ಕೆ ಮಿತಿ ಇದೆ, ನಂಟು ದೂರವಾದಷ್ಟೂ ಮಿತಿ ಏರುತ್ತದೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ವೀಸಾದ ಅವಧಿ ಮೀರಿ ನಿಂತರೆ ದಿನಕ್ಕೆ 50 ದಿರ್ಹಂ ದಂಡ.

ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಹಳೆಯ ಪಾಸ್‌ಪೋರ್ಟುಗಳಲ್ಲಿ ಒಂದೇ ಹೆಸರು ಇದ್ದು ಸರ್‌ನೇಮ್ ಜಾಗ ಖಾಲಿ ಇರುತ್ತದೆ. 2022ರ ನವೆಂಬರಿನಿಂದ ಅಂಥ ಪಾಸ್‌ಪೋರ್ಟಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತಾರೆ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಇಂದೇ ತೆಗೆದು ನೋಡಿ. ತಿದ್ದಿಸಬೇಕಾದರೆ ಅದಕ್ಕೆ ಕೆಲವು ವಾರ ಬೇಕು. ಹೋಗುವ ದಿನ ಬರುವ ಟಿಕೆಟ್, ಹೋಟೆಲ್ ಚೀಟಿ, ನಂಟರ ಮನೆಯಲ್ಲಿ ಉಳಿಯುವುದಾದರೆ ಅವರ ಎಮಿರೇಟ್ಸ್ ಐಡಿ ಮತ್ತು ವಿಳಾಸದ ಪ್ರತಿ ಕೈಚೀಲದಲ್ಲಿರಲಿ, ಮೊಬೈಲಿನಲ್ಲಿ ಮಾತ್ರ ಸಾಲದು.

ಕಾರು ಬಾಡಿಗೆಗೆ ಬೇಕಾದರೆ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಒಂದು ವರ್ಷಕ್ಕೆ ನಡೆಯುತ್ತದೆ. ಬರೀ ಭಾರತದ ಲೈಸೆನ್ಸಿಗೆ ಬಾಡಿಗೆ ಕಾರು ಕೊಡುವುದಿಲ್ಲ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ದುಬಾಯಿಯಲ್ಲಿ ಬೋರ್ಡಿನ ವೇಗಕ್ಕಿಂತ ಸ್ವಲ್ಪ ಮೀರಿದರೂ ಕ್ಯಾಮೆರಾ ಬಿಡುತ್ತದೆ, ಅಬುಧಾಬಿಯಲ್ಲಿ ಬೋರ್ಡಿನ ವೇಗವೇ ಕೊನೆ. ಲಿವಾ, ಅಲ್ ಐನ್ ಎರಡೂ ಅಬುಧಾಬಿಗೆ ಸೇರಿದವು. ರಾತ್ರಿ ಒಳದಾರಿಗಳಲ್ಲಿ ಒಂಟೆ ಅಡ್ಡ ಬರುತ್ತದೆ, ಕತ್ತಲಾಗುವ ಮೊದಲು ರಿಸಾರ್ಟ್ ತಲುಪಿ.

ಕೋಣೆಯ ನಿಜವಾದ ಬೆಲೆ

ಜಾಲತಾಣದಲ್ಲಿ ಕಾಣುವ ದರಕ್ಕೆ ತೆರಿಗೆ ಸೇರಿದೆಯೇ ನೋಡಿ. ದುಬಾಯಿಯಲ್ಲಿ 1,000 ದಿರ್ಹಂ ಎಂದು ಬರೆದ ಕೋಣೆಗೆ 10 ಶೇಕಡಾ ಸೇವಾ ಶುಲ್ಕ, 7 ಶೇಕಡಾ ನಗರಸಭೆಯ ಶುಲ್ಕ, 5 ಶೇಕಡಾ ವ್ಯಾಟ್, ಮೇಲೆ ಹೋಟೆಲಿನ ದರ್ಜೆಯ ಪ್ರಕಾರ ರಾತ್ರಿಗೆ 7ರಿಂದ 20 ದಿರ್ಹಂ ಪ್ರವಾಸಿ ಶುಲ್ಕ ಸೇರಿ 1,250ರ ಹತ್ತಿರ ಆಗುತ್ತದೆ. ಪ್ರವಾಸಿ ಶುಲ್ಕವನ್ನು ಬಹುತೇಕ ಕೌಂಟರಿನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಜತೆಗೆ ಭದ್ರತಾ ಠೇವಣಿ. ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ಖಾತೆಯಿಂದ ಹೋಗಿ ವಾಪಸ್ ಬರಲು ವಾರಗಳೇ ಹಿಡಿಯಬಹುದು. ಕ್ರೆಡಿಟ್ ಕಾರ್ಡ್ ಕೊಡಿ, ಇಲ್ಲವಾದರೆ ನಂಟರ ಕಾರ್ಡ್ ನಡೆಯುತ್ತದೆಯೇ ಮೊದಲೇ ಕೇಳಿ.

2022ರ ಜನವರಿಯಿಂದ ಅಲ್ಲಿನ ವಾರದ ರಜೆ ಶನಿವಾರ–ಭಾನುವಾರ. ಶುಕ್ರವಾರ ಮತ್ತು ಶನಿವಾರದ ರಾತ್ರಿಗೆ ದರ ಏರುತ್ತದೆ. ಭಾನುವಾರ ಮಧ್ಯಾಹ್ನ ಹೋಗಿ ಸೋಮವಾರ ಬರುವಂತೆ ಮಗ ಒಂದು ದಿನ ರಜೆ ಹಾಕಿದರೆ ಉಳಿತಾಯ ಕಣ್ಣಿಗೆ ಕಾಣುವಷ್ಟಿದೆ. ಊಟ ಸೇರಿದ ದರವನ್ನೇ ಆರಿಸಿ. ಸುತ್ತ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಬೇರೆ ಹೋಟೆಲಿಲ್ಲದ ಜಾಗದಲ್ಲಿ ಬಿಡಿಯಾಗಿ ತಿಂದರೆ ಬಿಲ್ಲು ಕೋಣೆಯ ಬಾಡಿಗೆಗೆ ಸಮನಾಗುತ್ತದೆ. ಸಸ್ಯಾಹಾರಿಗಳು ಒಂದು ದಿನ ಮೊದಲೇ ತಿಳಿಸಿ. ಶಿಬಿರದ ಊಟದಲ್ಲಿ ಮಾಂಸವನ್ನೂ ತರಕಾರಿಯನ್ನೂ ಒಂದೇ ಕೆಂಡದ ಮೇಲೆ ಸುಡುವುದುಂಟು.

ಚೀಲದಲ್ಲಿ ಏನಿರಬಾರದು

ನಂಟರಿಗೆಂದು ಊರಿನಿಂದ ಕಟ್ಟಿಕೊಡುವ ಗಂಟಿನಲ್ಲೇ ಅಪಾಯ ಇರುತ್ತದೆ. ಗಸಗಸೆ ಎಮಿರೇಟ್ಸ್‌ನಲ್ಲಿ ನಿಷಿದ್ಧ, ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ. ಪಾಯಸಕ್ಕೆಂದು ನೂರು ಗ್ರಾಂ ಕಟ್ಟಿದರೂ, ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬಿಡುವುದಿಲ್ಲ. ವೀಳ್ಯದೆಲೆ, ಪಾನ್, ಜಗಿಯುವ ಹೊಗೆಸೊಪ್ಪು ಕೂಡ ಆಗದು. ಎಲೆಯಡಿಕೆ ಅಭ್ಯಾಸದ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ, ಅವರ ಸಂಚಿಯನ್ನು ಮನೆಯಲ್ಲೇ ಇಡಿಸಿ. ಕೊಬ್ಬರಿಯನ್ನು ಚೆಕ್-ಇನ್ ಚೀಲದಲ್ಲಿ ಹಾಕಬಾರದು. ಅದರ ಎಣ್ಣೆಯಂಶಕ್ಕೆ ಬೆಂಕಿ ತಗಲುವ ಭಯದಿಂದ ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಉಪ್ಪಿನಕಾಯಿ, ತುಪ್ಪ ಕೈಚೀಲಕ್ಕೆ ಬೇಡ.

ಔಷಧ ಇನ್ನೂ ಮುಖ್ಯ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆ, ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳಿಗೆ ಅಲ್ಲಿನ ಸರಕಾರದ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ಉಳಿದ ಮಾತ್ರೆಗಳಿಗೂ ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ, ಔಷಧ ಅದರ ಮೂಲ ಪೊಟ್ಟಣದಲ್ಲೇ ಇರಲಿ.

ಬಟ್ಟೆ ಸಡಿಲವಾದ, ಪೂರ್ತಿ ತೋಳಿನ ಹತ್ತಿಯದು. ಬಿಸಿಲಿಗೆ ತೋಳಿಲ್ಲದ ಬಟ್ಟೆ ತಂಪೆಂಬುದು ನಮ್ಮ ಊರಿನ ಲೆಕ್ಕ. ಅಲ್ಲಿ ಚರ್ಮ ಮುಚ್ಚಿದಷ್ಟೂ ಸುಖ. ತಲೆಗೂ ಮುಖಕ್ಕೂ ಸುತ್ತಲು ಒಂದು ತೆಳು ಬೈರಾಸು ಇದ್ದರೆ ದೂಳಿಗೂ ಆಯಿತು. ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಕನ್ನಡಕ ಹಾಕಿ. ಕರಾವಳಿಯ ತೇವಕ್ಕೆ ಒಗ್ಗಿದವರಿಗೆ ಎರಡನೇ ದಿನ ಮೂಗು ಒಣಗಿ ರಕ್ತ ಬರುವುದು ಸಾಮಾನ್ಯ. ಮಲಗುವ ಮೊದಲು ಮೂಗಿನ ಹೊಳ್ಳೆಯ ಅಂಚಿಗೆ ವ್ಯಾಸಲೀನ್ ತೆಳುವಾಗಿ ಹಚ್ಚಿಕೊಳ್ಳಿ.

ಬೆವರು ಕಾಣದ ಬಿಸಿಲು

ಊರಿನಲ್ಲಿ ಮೈ ಬೆವರಿ ಅಂಗಿ ಒದ್ದೆಯಾದಾಗ ಬೊಂಡವೋ ಮಜ್ಜಿಗೆಯೋ ಕುಡಿಯುತ್ತೇವೆ. ಬೆವರೇ ನಮಗೆ ಸೂಚನೆ. ಒಳನಾಡಿನ ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ, ಹೊರಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ನೀರು ಮಾತ್ರ ಮೈಯಿಂದ ಹೋಗುತ್ತಲೇ ಇರುತ್ತದೆ. ಕರಾವಳಿಯವರು ತಲೆನೋವು ಬಂದು ಮಲಗುವುದು ಇದೇ ಕಾರಣಕ್ಕೆ. ಬಾಯಾರಿಕೆಗೆ ಕಾಯದೆ ಹೊರಗಿರುವಾಗ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದು ಎಂದೇ ಅರ್ಥ. ಬೇಸಿಗೆಯಲ್ಲಿ ದೊಡ್ಡವರಿಗೆ ದಿನಕ್ಕೆ ಮೂರು–ನಾಲ್ಕು ಲೀಟರ್ ಬೇಕು. ಬರೀ ನೀರಲ್ಲ, ಉಪ್ಪೂ ಹೋಗಬೇಕು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ.

ಮಾತು ತೊದಲಿದರೆ, ಗೊಂದಲ ಕಂಡರೆ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ನೆರಳಿಗೆ ತಂದು ಬಟ್ಟೆ ಒದ್ದೆ ಮಾಡಿ ಗಾಳಿ ಹಾಕುತ್ತಾ 998ಕ್ಕೆ ಫೋನ್ ಮಾಡಿ, ಅದು ಆಂಬುಲೆನ್ಸ್, ಪೊಲೀಸರಿಗೆ 999. ರಕ್ತದೊತ್ತಡಕ್ಕೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ವೈದ್ಯರೊಡನೆ ಪ್ರಮಾಣದ ಮಾತಾಡಿಕೊಳ್ಳಬೇಕು. ಇನ್ಸುಲಿನ್ ಅನ್ನು ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬಾರದು.

ಮರಳಿನ ಮೇಲೆ

ದಿಬ್ಬ ಹತ್ತಲು ಒಂದು ಉಪಾಯವಿದೆ. ಗಾಳಿ ಬೀಸಿ ಬರುವ ಬದಿಯ ಹೊಯ್ಗೆ ಗಟ್ಟಿ, ಇಳಿಜಾರು ಕಡಿಮೆ. ಅದರ ಹಿಂಬದಿ ಕಡಿದಾಗಿ, ಸಡಿಲವಾಗಿ ಇರುತ್ತದೆ. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಗಟ್ಟಿ ಬದಿಯಿಂದ ಹತ್ತಿ, ಏಣಿನ ಮೇಲೆ ನಡೆದು, ಸಡಿಲ ಬದಿಯಿಂದ ಇಳಿಯಿರಿ. ಕಾಲುಚೀಲ, ಮುಚ್ಚಿದ ಶೂ ಇರಲಿ. ಬೇಸಿಗೆ ಹಗಲಲ್ಲಿ ಮರಳಿನ ಮೈ 60 ಡಿಗ್ರಿ ದಾಟುತ್ತದೆ, ಬರಿಗಾಲಿಗೆ ಬೊಬ್ಬೆ ಖಂಡಿತ. ರಾತ್ರಿ ಹೊರಗೆ ಬಿಟ್ಟ ಶೂವನ್ನು ಬೆಳಿಗ್ಗೆ ಕೊಡವಿಯೇ ಹಾಕಿಕೊಳ್ಳಿ, ಚೇಳು ಇರಬಹುದು.

ಗಾಡಿಯಲ್ಲಿ ದಿಬ್ಬ ಹಾರಿಸುವ ಆಟ ಗರ್ಭಿಣಿಯರಿಗೆ, ಬೆನ್ನು ಅಥವಾ ಹೃದಯದ ತೊಂದರೆ ಇರುವವರಿಗೆ, ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ. ಉಳಿದವರೂ ಎರಡು ಗಂಟೆ ಮೊದಲು ಊಟ ಮುಗಿಸಿರಬೇಕು. ವಾಂತಿ ಆಗುವವರು ಮುಂದಿನ ಸೀಟಿನಲ್ಲಿ ಕೂರಲಿ. ಹೊರಡುವ ಮೊದಲು ಚಾಲಕ ಟೈರಿನ ಗಾಳಿಯನ್ನು 15–18 ಪಿಎಸ್‌ಐಗೆ ಇಳಿಸುತ್ತಾನೆ. ಟೈರು ಅಗಲವಾಗಿ ಒತ್ತಿಕೊಂಡರೆ ಮರಳಿನಲ್ಲಿ ಹೂತುಹೋಗುವುದಿಲ್ಲ. ಇಳಿಸದೆ ಹೊರಟರೆ ಆ ಗಾಡಿಯಿಂದ ಇಳಿದುಬಿಡಿ. ಬಾಡಿಗೆ ಕಾರನ್ನು ಮರಳಿಗೆ ಇಳಿಸಬೇಡಿ, ಅಲ್ಲಿ ಆದ ಹಾನಿಗೆ ವಿಮೆ ಇಲ್ಲ.

ಒಂಟೆ ಎದ್ದೇಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಕುಳಿತವರು ಮುಂದಕ್ಕೆ ಎಸೆದಂತಾಗುತ್ತದೆ. ಹಿಡಿಯನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆ ವಾಲಿ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಕೈ ಬಿಡುವವರು ಬೀಳುವುದು ಇಳಿಯುವಾಗಲೇ.

ಮಳೆ ಅಪರೂಪ, ಬಂದರೆ ಲಘುವಾಗಿ ನೋಡಬೇಡಿ. 2024ರ ಏಪ್ರಿಲ್ 16ರ ಆಸುಪಾಸಿನ 24 ಗಂಟೆಗಳಲ್ಲಿ ಅಲ್ ಐನಿನ ಖತ್ಮ್ ಅಲ್ ಶಕ್ಲಾದಲ್ಲಿ 254.8 ಮಿಲಿಮೀಟರ್ ಸುರಿಯಿತು. ನಮ್ಮ ಜುಲೈಗೆ ಅದು ಹೊಸತಲ್ಲ, ಚರಂಡಿಯೂ ಹೊಳೆಯೂ ಇರುವ ಊರು ನಮ್ಮದು. ಅಲ್ಲಿ ನೀರು ಇಳಿಯಲು ದಾರಿಯಿಲ್ಲ. ಬೆಟ್ಟದಲ್ಲಿ ಮಳೆ ಬಿದ್ದರೆ ‘ವಾದಿ’ ಎನ್ನುವ ಒಣ ಹಳ್ಳಗಳಲ್ಲಿ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ, ನೆರೆ ಬರುತ್ತದೆ. ಹವಾಮಾನ ಎಚ್ಚರಿಕೆ ಬಂದ ದಿನ ದುಬಾಯಿಗೆ ಸೇರಿದ ಬೆಟ್ಟದೂರು ‘ಹತ್ತಾ’, ಜೆಬೆಲ್ ಜೈಸ್ ಕಡೆ ಹೋಗಬಾರದು.

ನಕ್ಷತ್ರಕ್ಕಾಗಿ ಹೋಗುವವರು ದಿನ ಗೊತ್ತುಮಾಡುವಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನೋಡಿ, ಅದರ ಹಿಂದುಮುಂದಿನ ಮೂರು ದಿನ ಒಳ್ಳೆಯದು. ಏಪ್ರಿಲ್‌ನಲ್ಲಿ ಆಕಾಶಗಂಗೆಯ ದಟ್ಟ ಭಾಗ ನಡುರಾತ್ರಿ ಕಳೆದ ಮೇಲೆ ಏಳುತ್ತದೆ, ಜೂನ್–ಜುಲೈಯಲ್ಲಿ ಊಟ ಮುಗಿಸುವ ಹೊತ್ತಿಗೇ ಕಾಣುತ್ತದೆ. ಮರಳ ಮೇಲೆ ರಾತ್ರಿ ನಡೆಯುವ ಆಸೆಯಿದ್ದರೆ ಹುಣ್ಣಿಮೆಯ ವಾರವೇ ಸರಿ. ಎರಡೂ ಒಂದೇ ಪ್ರವಾಸದಲ್ಲಿ ಸಿಗುವುದಿಲ್ಲ. ಯಾವುದು ಬೇಕೆಂದು ಟಿಕೆಟ್ ತೆಗೆಯುವ ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಿಕೊಳ್ಳಿ.